ಒಂದು ಚುಕ್ಕೆಯೂ ಇಲ್ಲದ ಚಿತ್ರ

1955ರಲ್ಲಿ ಪ್ಯಾರಿಸ್ಸಿನ ‘ಸಲೋಂ ದೆ ರೆಯಾಲಿತೆ ನುವೆಲ್’ ಎಂಬ ವಾರ್ಷಿಕ ಪ್ರದರ್ಶನಕ್ಕೆ ಈವ್ ಕ್ಲೈನ್ ಎಂಬ ಯುವಕ ಒಂದು ಚಿತ್ರ ಕಳಿಸಿದ. ಅಂಚಿನಿಂದ ಅಂಚಿಗೆ ಬರೀ ಕಿತ್ತಳೆ ಬಣ್ಣ, ಬೇರೇನೂ ಇಲ್ಲ. ಆಯ್ಕೆ ಸಮಿತಿ ಅದನ್ನು ತಿರಸ್ಕರಿಸಿತು. ಮುಂದೆ ಕ್ಲೈನ್ ಹೇಳಿಕೊಂಡಂತೆ, ಸಮಿತಿಯವರು ಅವನ ತಾಯಿಗೆ ಫೋನ್ ಮಾಡಿ, ನಿಮ್ಮ ಮಗ ಒಂದು ಗೆರೆಯನ್ನೋ ಚುಕ್ಕೆಯನ್ನೋ, ಬೇರೆ ಬಣ್ಣದ ಒಂದು ಕಲೆಯನ್ನೋ ಸೇರಿಸಲು ಒಪ್ಪಿದರೆ ತೂಗುಹಾಕುತ್ತೇವೆ, ಒಂದೇ ಬಣ್ಣವೆಂದರೆ ಸಾಲದು ಎಂದರಂತೆ. ತಾಯಿ ಮಾರಿ ರೇಮೊಂ ಸ್ವತಃ ಅಮೂರ್ತ ಕಲಾವಿದೆ. ಆ ಪ್ರದರ್ಶನ ಇದ್ದದ್ದೂ ಅಮೂರ್ತ ಕಲೆಗಾಗಿಯೇ. ಮರ, ಮನೆ, ಮುಖ ಯಾವುದೂ ಇಲ್ಲದ ಚಿತ್ರಗಳನ್ನು ಒಪ್ಪಿಕೊಂಡವರಿಗೂ ಚುಕ್ಕೆಯಿಲ್ಲದ ಚಿತ್ರವನ್ನು ಒಪ್ಪಿಕೊಳ್ಳಲಾಗಲಿಲ್ಲ.

ಅವರ ಹಿಂಜರಿಕೆಯಲ್ಲಿ ಅರ್ಥವಿತ್ತು. ಚಿತ್ರವೆಂದರೆ ಒಂದರ ಪಕ್ಕ ಇನ್ನೊಂದನ್ನು ಇಡುವ ಕಲೆ ಎಂದೇ ಎಲ್ಲರೂ ತಿಳಿದಿದ್ದರು. ಹಸಿರಿನ ಪಕ್ಕ ನಿಂತಾಗ ಕೆಂಪು ಉರಿಯುತ್ತದೆ, ದಪ್ಪ ಗೆರೆಯ ಎದುರು ತೆಳು ಗೆರೆ ನಡುಗುತ್ತದೆ. ಇರುವುದೇ ಒಂದು ಬಣ್ಣವಾದರೆ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು? ಇಂದಿಗೂ ಗ್ಯಾಲರಿಯಲ್ಲಿ ಇಂಥ ಚಿತ್ರದ ಮುಂದೆ ನಿಂತವರು ‘ಇದನ್ನು ನನ್ನ ಮಗುವೂ ಮಾಡುತ್ತೆ’ ಎನ್ನುವುದುಂಟು. ಆ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಒಂದೇ ಬಣ್ಣದ ಚಿತ್ರದ ಚರಿತ್ರೆಯನ್ನು ನೋಡಿದರೆ, ಅದನ್ನು ಮಾಡಿದವರೆಲ್ಲ ಎದುರಿಸಿದ್ದು ಇದೇ ಪ್ರಶ್ನೆಯನ್ನು ಎಂದು ತಿಳಿಯುತ್ತದೆ.

ಆಧುನಿಕ ಕಾಲದಲ್ಲಿ ಇಂಥ ಚಿತ್ರ ಮೊದಮೊದಲು ಕಾಣಿಸಿಕೊಂಡದ್ದು ತಮಾಷೆಯಾಗಿ. 1882ರಲ್ಲಿ ಪ್ಯಾರಿಸ್ಸಿನ ಕೆಲವು ವಿನೋದಪ್ರಿಯರು ಗಂಭೀರ ಕಲಾಪ್ರದರ್ಶನಗಳನ್ನು ಅಣಕಿಸಲೆಂದೇ ಒಂದು ಪ್ರದರ್ಶನ ನಡೆಸಿದರು. ಅದರಲ್ಲಿ ಪಾಲ್ ಬಿಲೋ ಎಂಬ ಕವಿ ಪೂರ್ತಿ ಕಪ್ಪಾದ ಚಿತ್ರವಿಟ್ಟು, ಕತ್ತಲಲ್ಲಿ ಕಪ್ಪು ಜನರ ಜಗಳ ಎಂಬರ್ಥದ ಹೆಸರು ಕೊಟ್ಟ. ಅಂದಿನ ಯುರೋಪಿನ ಜನಾಂಗದ್ವೇಷ ಆ ನಗೆಯಲ್ಲೇ ಇದೆ. ಅವನ ಗೆಳೆಯ ಅಲ್ಫೋನ್ಸ್ ಅಲೆ ಇದನ್ನೇ ಮುಂದುವರಿಸಿ ಬಿಳಿ, ಕೆಂಪು ಹಾಳೆಗಳಿಗೂ ಇಂಥ ಹೆಸರುಗಳನ್ನಿಟ್ಟು 1897ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಇಲ್ಲಿ ಬಣ್ಣಕ್ಕೆ ಮಾಡಲು ಕೆಲಸವೇ ಇಲ್ಲ. ನಗಿಸುವುದು ಶೀರ್ಷಿಕೆ. ಶೀರ್ಷಿಕೆ ತೆಗೆದರೆ ಉಳಿಯುವುದು ಬರೀ ಹಾಳೆ.

ಮೂವತ್ತು ಚಿಲ್ಲರೆ ವರ್ಷಗಳ ನಂತರ ಕಪ್ಪಿಗೆ ಬೇರೆಯೇ ಸ್ಥಾನ ಸಿಕ್ಕಿತು. 1915ರ ಡಿಸೆಂಬರಿನಲ್ಲಿ ಪೆಟ್ರೊಗ್ರಾಡ್ ನಗರದ ಪ್ರದರ್ಶನವೊಂದರಲ್ಲಿ ಕಾಜಿಮಿರ್ ಮಾಲೆವಿಚ್ ತನ್ನ ‘ಕರಿ ಚೌಕ’ವನ್ನು ಎರಡು ಗೋಡೆ ಕೂಡುವ ಮೂಲೆಯಲ್ಲಿ, ಛಾವಣಿಯ ಹತ್ತಿರ ತೂಗುಹಾಕಿದ. ರಷ್ಯದ ಮನೆಗಳಲ್ಲಿ ಅದು ದೇವರ ಪಟ ಇಡುವ ಜಾಗ. ಬಂದವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ಬಿಳಿ ಅಂಚಿನ ಆ ಕಪ್ಪು ಚೌಕ ಕಟ್ಟುನಿಟ್ಟಾಗಿ ಒಂದೇ ಬಣ್ಣದ್ದಲ್ಲ, ಅದು ಆ ದಾರಿಯ ಬಾಗಿಲು. 1918ರಲ್ಲಿ ಅವನು ಬಿಳಿಯ ಮೇಲೆ ಬಿಳಿ ಚೌಕ ಬರೆದ. ಒಂದು ಬಿಳಿ ತುಸು ಬೆಚ್ಚಗಿದೆ, ಓರೆಯಾಗಿ ನಿಂತ ಇನ್ನೊಂದು ಬಿಳಿ ತುಸು ತಣ್ಣಗಿದೆ. ಬಿಳಿಯೆಂಬುದು ಒಂದೇ ಅಲ್ಲ ಎಂಬುದು ಅಲ್ಲಿ ಕಣ್ಣಿಗೇ ಗೊತ್ತಾಗುತ್ತದೆ.

2015ರಲ್ಲಿ ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿಯ ಸಂಶೋಧಕರು ‘ಕರಿ ಚೌಕ’ವನ್ನು ಎಕ್ಸ್‌-ರೇ ಮೂಲಕ ಪರೀಕ್ಷಿಸಿದಾಗ, ಕಪ್ಪಿನ ಅಡಿಯಲ್ಲಿ ಬಣ್ಣಬಣ್ಣದ ಎರಡು ಹಳೆಯ ರಚನೆಗಳು ಸಿಕ್ಕವು. ಅಂಚಿನಲ್ಲಿ ಪ್ಯಾರಿಸ್ಸಿನ ಆ ಹಳೆಯ ತಮಾಷೆಯನ್ನು ನೆನಪಿಸುವ ಬರಹವೂ ಕಂಡಿತು. ಬರೆದ ಕೈ ಯಾರದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಏನೇ ಇರಲಿ, ಖಾಲಿ ಎಂದುಕೊಂಡ ಕಪ್ಪಿನೊಳಗೆ ನೂರು ವರ್ಷ ಎರಡು ಚಿತ್ರಗಳು ಕೂತಿದ್ದವು. ಇಂದು ಅದರ ಬಿರುಕುಗಳಲ್ಲಿ ಅಡಿಯ ಬಣ್ಣ ಬರಿಗಣ್ಣಿಗೂ ಇಣುಕುತ್ತದೆ.

ಮಾಲೆವಿಚ್‌ನಿಗೆ ಅಧ್ಯಾತ್ಮವಾದದ್ದು ಅಲೆಕ್ಸಾಂದರ್ ರೊದ್ಚೆಂಕೊನಿಗೆ ಲೆಕ್ಕಾಚಾರವಾಯಿತು. 1921ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಅವನು ಮೂರು ಕ್ಯಾನ್ವಾಸ್ ಇಟ್ಟ: ಶುದ್ಧ ಕೆಂಪು, ಶುದ್ಧ ಹಳದಿ, ಶುದ್ಧ ನೀಲಿ. ದೇವರಿಲ್ಲ, ಮೂಲೆಯಿಲ್ಲ. ಚಿತ್ರಕಲೆಯನ್ನು ಅದರ ತಾರ್ಕಿಕ ಕೊನೆಗೆ ತಂದಿದ್ದೇನೆ, ಇನ್ನು ಮುಗಿಯಿತು ಎಂಬುದು ಅವನ ನಿಲುವು. ವಿಮರ್ಶಕ ನಿಕೊಲಾಯ್ ತರಬೂಕಿನ್ ಇದನ್ನು ಕೊನೆಯ ಚಿತ್ರವೆಂದು ಕರೆದ. ರೊದ್ಚೆಂಕೊ ಪೋಸ್ಟರು, ಪೀಠೋಪಕರಣ, ಛಾಯಾಗ್ರಹಣಗಳ ಕಡೆ ಹೊರಟುಹೋದ. ಆದರೆ ಕೊನೆಯ ಚಿತ್ರವೆಂಬುದು ಅಲ್ಲಿಗೆ ಕೊನೆಯಾಗಲಿಲ್ಲ.

ಈಗ ಮತ್ತೆ ಕ್ಲೈನ್‌ನ ಬಳಿಗೆ ಬರಬಹುದು. 1957ರ ಜನವರಿಯಲ್ಲಿ ಅವನು ಮಿಲಾನ್‌ನ ಗ್ಯಾಲರಿಯೊಂದರಲ್ಲಿ ಹನ್ನೊಂದು ಚಿತ್ರಗಳನ್ನಿಟ್ಟ. ಎಲ್ಲ ಒಂದೇ ಅಳತೆ, ಎಲ್ಲ ಒಂದೇ ನೀಲಿ. ಬಣ್ಣ ‘ಅಲ್ಟ್ರಾಮರೀನ್’. ಒಂದು ಕಾಲದಲ್ಲಿ ಇದನ್ನು ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳ ನೀಲಿ ಕಲ್ಲನ್ನು ಅರೆದು ತಯಾರಿಸುತ್ತಿದ್ದರು, ದುಬಾರಿ ಬಣ್ಣ. 1820ರ ದಶಕದಲ್ಲಿ ಫ್ರಾನ್ಸಿನ ಗಿಮೆ ಎಂಬಾತ ಕೃತಕವಾಗಿ ತಯಾರಿಸುವ ವಿಧಾನ ಕಂಡುಹಿಡಿದ ಮೇಲೆ ಅಗ್ಗವಾಯಿತು. ಎಷ್ಟು ಅಗ್ಗವೆಂದರೆ ನಮ್ಮ ಮನೆಗಳಲ್ಲಿ ಬಿಳಿ ಪಂಚೆಗೆ ಹಾಕುತ್ತಿದ್ದ, ಗೋಡೆಗೆ ಬಳಿಯುವ ಸುಣ್ಣಕ್ಕೆ ಚಿಟಿಕೆ ಬೆರೆಸುತ್ತಿದ್ದ ನೀಲಿ ಪುಡಿಯೂ ಇದೇ ವರ್ಣದ್ರವ್ಯ.

ಪುಡಿಯಾಗಿದ್ದಾಗ ಈ ನೀಲಿ ಉರಿಯುತ್ತದೆ. ಎಣ್ಣೆಯಲ್ಲಿ ಕಲಸಿದೊಡನೆ ಕಳೆಗುಂದುತ್ತದೆ. ಒಣ ಕೆಮ್ಮಣ್ಣು ಮಳೆಗೆ ನೆನೆದಾಗ ಕಪ್ಪಾಗುವುದಕ್ಕೆ ಏನು ಕಾರಣವೋ ಇದಕ್ಕೂ ಅದೇ. ಕಣಗಳ ಸುತ್ತ ಗಾಳಿ ಇದ್ದಾಗ ಬೆಳಕು ಚೆದುರಿ ಮರಳುತ್ತದೆ, ದ್ರವ ಆ ಜಾಗ ತುಂಬಿದಾಗ ಬೆಳಕು ಒಳಗೇ ಇಳಿದುಹೋಗುತ್ತದೆ. ಕ್ಲೈನ್‌ನ ಹಟವೆಲ್ಲ ಪುಡಿಯ ಆ ಉರಿಯನ್ನು ಕ್ಯಾನ್ವಾಸಿನ ಮೇಲೆ ಉಳಿಸಿಕೊಳ್ಳುವುದಾಗಿತ್ತು. ಪ್ಯಾರಿಸ್ಸಿನ ಬಣ್ಣದ ವ್ಯಾಪಾರಿ ಎದ್ವಾರ್ ಆದಂ ನೆರವಿನಿಂದ ಅವನಿಗೆ ಸಿಕ್ಕದ್ದು ರೋಡೋಪಾಸ್ ಎಂಬ ಪಾಲಿವಿನೈಲ್ ಅಸಿಟೇಟ್ ಅಂಟು. ಬೇಗ ಆರುವ ದ್ರಾವಕದಲ್ಲಿ ಅದನ್ನು ತೆಳುಮಾಡಿದರೆ, ಒಣಗಿದಾಗ ಕಣಗಳನ್ನು ಹಿಡಿದುಕೊಳ್ಳುತ್ತದೆ ಹೊರತು ಮುಳುಗಿಸುವುದಿಲ್ಲ. ಕುಂಚದ ಗುರುತು ಉಳಿಯಬಾರದೆಂದು ಅವನು ರೋಲರ್ ಬಳಸಿದ. 1960ರಲ್ಲಿ ಈ ವಿಧಾನವನ್ನು ಫ್ರಾನ್ಸಿನ ಕಚೇರಿಯಲ್ಲಿ ದಾಖಲಿಸಿದ. ಅದು ಪೇಟೆಂಟ್ ಎಂದು ಎಷ್ಟೋ ಕಡೆ ಬರೆಯುತ್ತಾರೆ, ಅಲ್ಲ. ಇಂಥ ದಿನ ಈ ವಿಧಾನ ನನ್ನ ಬಳಿ ಇತ್ತು ಎಂಬುದಕ್ಕೆ ಸಾಕ್ಷಿಯಾದ ಮುದ್ರೆಯೊತ್ತಿದ ಲಕೋಟೆ, ಅಷ್ಟೆ. ಎರಡು ವರ್ಷಗಳಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೆ ಅವನು ತೀರಿಕೊಂಡ.

ಕ್ಲೈನ್‌ನ ನೀಲಿ ನೋಡುಗನ ಮೈಮೇಲೆ ಬರುತ್ತದೆ. ನ್ಯೂಯಾರ್ಕಿನ ಆಡ್ ರೈನ್‌ಹಾರ್ಟ್‌ನ ಕಪ್ಪು ಹಿಂದೆ ಸರಿಯುತ್ತದೆ. 1960ರಿಂದ 1967ರಲ್ಲಿ ಸಾಯುವವರೆಗೆ ಅವನು ಐದಡಿ ಚೌಕದ ಕಪ್ಪು ಚಿತ್ರಗಳನ್ನೇ ಬರೆದ. ಯಾರಾದರೂ ಬರೆಯಬಹುದಾದ ಕೊನೆಯ ಚಿತ್ರಗಳು ಇವು ಎಂದು ಅವನೂ ಹೇಳಿದ. ಮೊದಲ ನೋಟಕ್ಕೆ ಬರೀ ಕಪ್ಪು. ಬಿಸಿಲಿನಿಂದ ಒಳಮನೆಗೆ ಬಂದಾಗ ಪಾತ್ರೆಪಡಗಗಳು ನಿಧಾನಕ್ಕೆ ಗೋಚರಿಸುವಂತೆ, ಒಂದೆರಡು ನಿಮಿಷ ನಿಂತರೆ ಒಂಬತ್ತು ಚೌಕಗಳೂ ನಡುವೆ ಒಂದು ಅಡ್ಡಪಟ್ಟಿ, ಒಂದು ನೆಟ್ಟಪಟ್ಟಿಯೂ ಕಾಣುತ್ತವೆ. ಒಂದು ಕಪ್ಪಿನಲ್ಲಿ ಕೆಂಪಿದೆ, ಇನ್ನೊಂದರಲ್ಲಿ ನೀಲಿ, ಮತ್ತೊಂದರಲ್ಲಿ ಹಸಿರು. ಹೊಳಪು ಬರಬಾರದೆಂದು ಅವನು ಬಣ್ಣದಿಂದ ಎಣ್ಣೆಯನ್ನು ಬಸಿದು ತೆಗೆಯುತ್ತಿದ್ದ. ಹಾಗಾಗಿ ಬೆರಳು ತಾಗಿದರೂ ಕಲೆ ನಿಲ್ಲುವಷ್ಟು ನಾಜೂಕು. ಅಚ್ಚಿನಲ್ಲಿ, ಮೊಬೈಲಿನಲ್ಲಿ ಇವು ಕರೀ ಹಾಳೆಯಾಗಿಬಿಡುತ್ತವೆ. ಎದುರು ನಿಂತು ಕಾಯದವರಿಗೆ ಸಿಗುವ ಚಿತ್ರಗಳಲ್ಲ.

1970ರ ದಶಕದಲ್ಲಿ ಈ ಚರಿತ್ರೆ ದಕ್ಷಿಣ ಕೊರಿಯಾದಲ್ಲಿ ಹೊಸದಾಗಿ ಶುರುವಾಯಿತು. ಅಲ್ಲಿನವರು ಮುಂದೆ ಇದನ್ನು ‘ದಾನ್‌ಸೇಕ್ವಾ’ ಎಂದು ಕರೆದರು. ಅರ್ಥ, ಒಂದೇ ಬಣ್ಣದ ಚಿತ್ರ. ಯುದ್ಧ ಮುಗಿದು ಇಪ್ಪತ್ತು ವರ್ಷ, ಮೇಲೆ ಪಾರ್ಕ್ ಚುಂಗ್-ಹೀಯ ಸರ್ವಾಧಿಕಾರ. ಹಾ ಚೊಂಗ್-ಹ್ಯುನ್ ಕ್ಯಾನ್ವಾಸಿನ ಬದಲು ಗೋಣಿಬಟ್ಟೆ ತೆಗೆದುಕೊಂಡ. ಅಮೆರಿಕದ ನೆರವಿನ ಧಾನ್ಯ ಬರುತ್ತಿದ್ದದ್ದು ಅಂಥ ಚೀಲಗಳಲ್ಲಿ. ಹಿಂಬದಿಯಿಂದ ಬಣ್ಣ ಒತ್ತಿ, ನೇಯ್ಗೆಯ ಸಂದುಗಳಿಂದ ಅದು ಮುಂದಕ್ಕೆ ಉಕ್ಕುವಂತೆ ಮಾಡಿದ.

ಪಾರ್ಕ್ ಸೊ-ಬೊನ ಕತೆ ‘ನನ್ನ ಮಗುವೂ ಮಾಡುತ್ತೆ’ ಎನ್ನುವವರಿಗೆ ಹೇಳಬೇಕಾದದ್ದು. ಅವನ ಮೂರು ವರ್ಷದ ಮಗ ಅಣ್ಣನನ್ನು ನೋಡಿ ಚೌಕಳಿ ಪುಸ್ತಕದಲ್ಲಿ ಅಕ್ಷರ ಕೂರಿಸಲು ಹೆಣಗುತ್ತಿದ್ದ. ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಸಿಟ್ಟುಬಂದು ಪುಟದ ತುಂಬ ಗೀಚಿ ಕೈಬಿಟ್ಟ. ಆ ಕೈಬಿಡುವಿಕೆಯನ್ನೇ ತಾನು ಇಷ್ಟು ದಿನ ಹುಡುಕುತ್ತಿದ್ದದ್ದು ಎಂದು ತಂದೆಗೆ ಅನ್ನಿಸಿತು. ಹಸಿ ಬಿಳಿ ಬಣ್ಣದ ಮೇಲೆ ಪೆನ್ಸಿಲ್ ಗೆರೆ ಎಳೆದು, ಬಣ್ಣದಿಂದ ಮುಚ್ಚಿ, ಮತ್ತೆ ಗೆರೆ ಎಳೆಯುವ ಕೆಲಸ 1967ರಲ್ಲಿ ಶುರುವಾಯಿತು. 2023ರಲ್ಲಿ ತೀರಿಕೊಳ್ಳುವವರೆಗೂ, ರೂಪ ಬದಲಾಯಿಸುತ್ತ, ಅವನು ಅದೇ ಸರಣಿಯನ್ನು ಮುಂದುವರಿಸಿದ. ಮಗು ಒಂದು ದಿನ ಮಾಡಿ ಬಿಟ್ಟದ್ದನ್ನು ತಂದೆ ಐವತ್ತಕ್ಕೂ ಹೆಚ್ಚು ವರ್ಷ ಸಾಧನೆ ಮಾಡಿದ.

ಯುನ್ ಹ್ಯೊಂಗ್-ಗುನ್‌ನದು ಇನ್ನೂ ಕಠಿಣವಾದ ದಾರಿ. ಯೌವನದಲ್ಲೇ ಸೆರೆಮನೆ ಕಂಡವನು. ಕೊರಿಯಾ ಯುದ್ಧದ ಆರಂಭದಲ್ಲಿ ಸಾಮೂಹಿಕ ಹತ್ಯೆಯೊಂದರಿಂದ ಕೂದಲೆಳೆಯಲ್ಲಿ ಪಾರಾದವನು. 1973ರಲ್ಲಿ, ತಾನು ಕಲಿಸುತ್ತಿದ್ದ ಶಾಲೆಯಲ್ಲಿ ನಡೆದ ಪ್ರವೇಶ ಅಕ್ರಮವನ್ನು ಪ್ರಶ್ನಿಸಿದ್ದಕ್ಕೆ ಕಮ್ಯುನಿಸ್ಟ್-ವಿರೋಧಿ ಕಾಯಿದೆಯಡಿ ಮತ್ತೆ ಸೆರೆಗೆ ಹೋದ. ಹೊರಬಂದಾಗ ನಲವತ್ತೈದು ವರ್ಷ, ಕೆಲಸವಿಲ್ಲ. ಆಗ ಅವನ ಚಿತ್ರಗಳಿಂದ ಉಳಿದ ಬಣ್ಣಗಳೆಲ್ಲ ಹೊರಟುಹೋದವು. ಕ್ಲೈನ್ ಬೆಳಗಿಸಿದ ಅದೇ ಅಲ್ಟ್ರಾಮರೀನ್ ನೀಲಿಗೆ ಸುಟ್ಟ ಮಣ್ಣಿನ ಕಂದು ಸೇರಿಸಿ, ಟರ್ಪೆಂಟೈನಿನಲ್ಲಿ ತೆಳುಮಾಡಿ, ಬರಿಯ ನಾರುಬಟ್ಟೆಯ ಮೇಲೆ ಅಗಲ ಕುಂಚದಿಂದ ಕಂಬಗಳಂತೆ ಎಳೆದ. ಒಣಗಿದ ಮೇಲೆ ಅದರ ಮೇಲೇ ಮತ್ತೆ, ಮತ್ತೆ. ನೀಲಿ ಆಕಾಶ, ಕಂದು ಭೂಮಿ, ಎರಡೂ ಬೆರೆತರೆ ಕಪ್ಪಿಗೆ ಹತ್ತಿರವಾದ ಒಂದು ಬಣ್ಣ. ಅಂಚುಗಳಲ್ಲಿ ಎಣ್ಣೆ ಬಟ್ಟೆಗೆ ಹರಡಿ ಮಬ್ಬಾಗಿದೆ. 1980ರಲ್ಲಿ ಗ್ವಾಂಗ್ಜು ನಗರದಲ್ಲಿ ಸೈನಿಕರು ಪ್ರತಿಭಟನಕಾರರನ್ನು ಕೊಂದ ಮೇಲೆ ಅವನ ನೆಟ್ಟನೆಯ ಕಂಬಗಳು ವಾಲತೊಡಗಿದವು.

ಆ ದಶಕದ ಕಿರಿಯ ರಾಜಕೀಯ ಕಲಾವಿದರು ಈ ಹಿರಿಯರ ಮೇಲೆ ಆರೋಪ ಹೊರಿಸಿದರು: ಜನ ಸಾಯುತ್ತಿರುವಾಗ ನೀವು ಬಿಳಿ ಬಳಿಯುತ್ತಾ ಕೂತಿರಿ, ಸರ್ವಾಧಿಕಾರಿಗೂ ಬೇಕಾದದ್ದು ಈ ಮೌನವೇ. ಇದು ಉತ್ತರ ಬೇಡುವ ಪ್ರಶ್ನೆ. ಒಂದೇ ಬಣ್ಣದ ಚಿತ್ರ ಏನನ್ನೂ ಹೇಳುವುದಿಲ್ಲವಾದ್ದರಿಂದ ಯಾರೂ ಅದನ್ನು ತಮ್ಮದೆನ್ನಬಹುದು. ಬ್ಯಾಂಕಿನ ಗೋಡೆಗೂ ಅದು ಸಲ್ಲುತ್ತದೆ. ಆದರೆ ಯುನ್‌ನ ವಾಲಿದ ಕಂಬಗಳ ಮುಂದೆ ಆ ಆರೋಪ ಪೂರ್ತಿ ನಿಲ್ಲುವುದಿಲ್ಲ. ಬಾಯಿಬಿಟ್ಟದ್ದಕ್ಕೆ ಜೈಲು ಕಂಡವನ ಮೌನವೂ ಎಂದೂ ಬಾಯಿಬಿಡದವನ ಮೌನವೂ ಒಂದೇ ಬಣ್ಣದ್ದಾಗಿ ಕಾಣಬಹುದು. ಚರಿತ್ರೆ ಗೊತ್ತಿದ್ದವರಿಗೆ ಅವು ಬೇರೆ ಬೇರೆ.

ನಮ್ಮಲ್ಲಿ ಈ ದಾರಿಯ ಹತ್ತಿರ ನಡೆದವನು ನಾಗಪುರದಲ್ಲಿ ಹುಟ್ಟಿದ ವಾಸುದೇವ ಗಾಯ್ತೊಂಡೆ. ಕಟ್ಟುನಿಟ್ಟಿನ ಏಕವರ್ಣ ಅವನದಲ್ಲ. ಒಂದು ಬಣ್ಣದ ಹತ್ತು ಛಾಯೆಗಳು ನೀರೊಳಗಿನ ಬೆಳಕಿನಂತೆ ಮೇಲಕ್ಕೂ ಕೆಳಕ್ಕೂ ಆಡುತ್ತವೆ. ರೋಲರ್, ಚಾಕುಗಳಿಂದ ಹಚ್ಚಿ, ಕೆರೆದು, ಮತ್ತೆ ಹಚ್ಚಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳನ್ನು ಮಾಡುತ್ತಿದ್ದ. ಉಳಿದ ಹೊತ್ತೆಲ್ಲ ಯೋಚನೆ, ಕಾಯುವಿಕೆ.

ಇಂಥ ಚಿತ್ರಗಳನ್ನು ನೋಡಲು ಕಲಿಯುವ ಸುಲಭ ಉಪಾಯ, ಒಂದನ್ನು ಮಾಡಿ ನೋಡುವುದು. ಒಂದಡಿ ಚೌಕದ ಮೂರು ಹಲಗೆ ತೆಗೆದುಕೊಂಡು ಒಂದಕ್ಕೆ ಬಿಳಿ, ಒಂದಕ್ಕೆ ಕೆಂಪು, ಒಂದಕ್ಕೆ ಕಪ್ಪು ತಳಬಣ್ಣ ಹಚ್ಚಿ ಒಣಗಿಸಿ. ಮೂರರ ಮೇಲೂ ಒಂದೇ ಟ್ಯೂಬಿನ ಅಲ್ಟ್ರಾಮರೀನ್ ತೆಳುವಾಗಿ ಬಳಿಯಿರಿ. ಅದು ಪಾರದರ್ಶಕ ಬಣ್ಣವಾದ್ದರಿಂದ ಮೂರು ನೀಲಿಗಳು ಮೂರಾಗಿ ಕಾಣುತ್ತವೆ. ಆಮೇಲೆ ಅಂಗಡಿಯಲ್ಲಿ ಸಿಗುವ ನೀಲಿ ಪುಡಿಯನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕಲಸಿ ನಾಲ್ಕನೆಯ ಹಲಗೆಗೆ ಹಚ್ಚಿ. ಫೆವಿಕಾಲ್ ಕೂಡ ಪಾಲಿವಿನೈಲ್ ಅಸಿಟೇಟ್ ಕುಲದ್ದೇ. ಅಂಟು ಹೆಚ್ಚಾದರೆ ನೀಲಿ ಮಂಕಾಗುತ್ತದೆ, ಕಡಿಮೆಯಾದರೆ ಉದುರಿ ಕೈಗೆ ಹತ್ತುತ್ತದೆ. ನಡುವಿನ ಹದಕ್ಕೆ ಹಲವು ಹಲಗೆ ಹಾಳಾಗುತ್ತವೆ. ಕ್ಲೈನ್‌ನ ನೀಲಿ ಬರುವುದಿಲ್ಲ, ಆದರೆ ಅವನು ಯಾವುದಕ್ಕಾಗಿ ಒದ್ದಾಡಿದ ಎಂದು ಕೈಗೆ ತಿಳಿಯುತ್ತದೆ.

ಹದ ಬಂದ ಹಲಗೆಯನ್ನು ಕಿಟಕಿಯ ಎದುರು ಗೋಡೆಗೆ ಇಟ್ಟು ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ಎಂಟನೆಯ ದಿನ ಪ್ಯಾರಿಸ್ಸಿನ ಸಮಿತಿಯವರ ಮಾತಿನಂತೆ ಅದರ ಮೇಲೆ ಒಂದು ಬಿಳಿ ಚುಕ್ಕೆ ಇಡಿ. ಕಣ್ಣು ನೇರ ಚುಕ್ಕೆಗೆ ಹೋಗಿ ಅಲ್ಲೇ ಕೂರುತ್ತದೆ. ವಾರವಿಡೀ ನೋಡಿದ ನೀಲಿ ಆ ಕ್ಷಣದಿಂದ ಬರೀ ಹಿನ್ನೆಲೆ.