577139 (ಸಂಖ್ಯೆ)

ಆರಂಕಿಯ ಬೆಸ ಪೂರ್ಣಸಂಖ್ಯೆ, ಶೃಂಗೇರಿಯ ಪಿನ್‌ಕೋಡ್. ನೆರೆಯ ಕೊಪ್ಪದ್ದು 577126, ನರಸಿಂಹರಾಜಪುರದ್ದು 577134. ಪಿನ್‌ಕೋಡ್ ಪದ್ಧತಿ ಭಾರತದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಕೊನೆಯ ಮೂರಂಕಿಗಳು ಅಂಚೆ ಕಚೇರಿಯನ್ನು ಗುರುತಿಸುತ್ತವೆ. ಮೂರೂ ಊರುಗಳ ಮೊದಲ ಮೂರಂಕಿ 577; ಇದು ಅವಿಭಾಜ್ಯ. ಆರಂಕಿಯನ್ನೂ ಸೇರಿಸಿ ಬರೆದರೆ ಮೂರೂ ಭಾಜ್ಯ ಸಂಖ್ಯೆಗಳೇ.

ಶೃಂಗೇರಿಯದು ಸುಲಭಕ್ಕೆ ಬಗ್ಗುವುದಲ್ಲ. 3, 5, 7, 11, 13, 17, 19 ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. 23ರಲ್ಲಿ ಸೋಲುತ್ತದೆ, ಅದೂ ಎರಡು ಸಲ: 577139 = 23 × 23 × 1091. ಕೊನೆಯ 1091 ಅವಿಭಾಜ್ಯ. 1093ರ ಜೊತೆ ಅವಳಿ ಅವಿಭಾಜ್ಯ ಜೋಡಿ. ಅಂಚೆ ಇಲಾಖೆ ಇದನ್ನೆಲ್ಲ ಲೆಕ್ಕ ಹಾಕಿ ಕೊಟ್ಟದ್ದಲ್ಲ, ಆಕಸ್ಮಿಕ ಅಷ್ಟೆ.

ಕೊಪ್ಪದ ಸಂಖ್ಯೆ 2 × 11 × 37 × 709. ಯಾವ ಅಪವರ್ತನವೂ ಮರುಕಳಿಸದ ಕಾರಣ ಅದು ವರ್ಗಮುಕ್ತ.

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಸಂಖ್ಯೆಗಿಂತ ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಸಮೃದ್ಧ, ಸಮವಾದರೆ ಪರಿಪೂರ್ಣ ಎನ್ನುವುದು ಗ್ರೀಕರ ಕಾಲದ ವರ್ಗೀಕರಣ. ಶೃಂಗೇರಿಯ ಮೊತ್ತ 1 + 23 + 529 + 1,091 + 25,093 = 26,737 ಮಾತ್ರ; ತೀರಾ ನ್ಯೂನ. ಕೊಪ್ಪದ್ದು 3,94,154, ಅದೂ ನ್ಯೂನವೇ. ನರಸಿಂಹರಾಜಪುರದ 577134 (2 × 3 × 3 × 32,063) ಆರರ ಗುಣಕ. ಆರಕ್ಕಿಂತ ದೊಡ್ಡದಾದ ಆರರ ಗುಣಕಗಳೆಲ್ಲ ಸಮೃದ್ಧವೇ. ಇದರ ಮೊತ್ತ 6,73,362.