ಕೀಬೋರ್ಡಿಗೆ ಸಿಗದ ಚೌಡಕಿ

ಸೋಲಾಪುರ, ಅಕ್ಕಲಕೋಟ ಕಡೆ ಈಗ ಹಲಗಿಯ ಮಗ್ಗುಲಿಗೇ ಆಕ್ಟೋಪ್ಯಾಡ್, ಬೆಂಜೊದ ಮಗ್ಗುಲಿಗೇ ಕೀಬೋರ್ಡ್ ಕಾಣಿಸುತ್ತವೆ. ಸಲಗರ ಬುದ್ರುಕದಂಥ ಊರಿನಲ್ಲಿ ಕೂತ ಹುಡುಗನೂ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಂಥಸೈಜರ್ ಇಳಿಸಿಕೊಂಡು ಭಜನೆಪದಕ್ಕೆ ಸಂಗೀತ ಕೂಡಿಸಬಹುದು. ಪರದೆಯ ಮೇಲೆ ಅವನಿಗೆ ಎದುರಾಗುವ ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂಬ ನಾಲ್ಕು ಗುಂಡಿಗಳ ಹಿಂದೆ ಅರವತ್ತು ವರ್ಷದ ಚರಿತ್ರೆಯಿದೆ. ಅದು ಕೀಬೋರ್ಡಿನ ಚರಿತ್ರೆ, ತೊಡಕೂ ಅಲ್ಲಿಯದೇ.

1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಕಟ್ಟುತ್ತಿದ್ದ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಸ್ವರಕ್ಕೆ ಆರಂಭ, ಮುಕ್ತಾಯ ಬೇಡವೇ ಎಂದು ಜೊತೆಗಾರ ಹರ್ಬರ್ಟ್ ಡಾಯ್ಚ್ ಕೇಳಿದಾಗ ಮೂಗ್ ಅಂಗಡಿಯಿಂದ ಕರೆಗಂಟೆಯ ಗುಂಡಿಯೊಂದನ್ನು ತರಿಸಿದರು. ಒತ್ತಿದರೆ ಸದ್ದು ಏರಬೇಕು, ಬಿಟ್ಟರೆ ಇಳಿಯಬೇಕು. ಮೂಗ್ ಯಂತ್ರದ ಎನ್ವಲಪ್, ಅಂದರೆ ಸದ್ದಿನ ಏರಿಳಿತದ ಗೆರೆ, ಇಷ್ಟರಿಂದ ಶುರುವಾಯಿತು. ಮರುವರ್ಷ ಸಂಯೋಜಕ ವ್ಲಾದಿಮಿರ್ ಉಸಾಚೆವ್‌ಸ್ಕಿ ಅದನ್ನು ನಾಲ್ಕು ಹಂತಗಳಲ್ಲಿ ಕೇಳಿದರು: ಏರಿಕೆ, ಮೊದಲ ಇಳಿತ, ನಿಲುವು, ಬಿಟ್ಟ ಮೇಲಿನ ಇಳಿತ. ಈಗಿನ ಹೆಸರುಗಳನ್ನು ರೂಢಿಗೆ ತಂದದ್ದು ಎಆರ್‌ಪಿ ಕಂಪನಿ. ಯಂತ್ರದ ಇನ್ನೊಂದು ಅಂಗವಾದ ಫಿಲ್ಟರ್ ಮುಟ್ಟುವುದು ಸದ್ದಿನ ಜೋರನ್ನಲ್ಲ, ಬಣ್ಣವನ್ನು. ಮೂಗ್ 1969ರಲ್ಲಿ ಪೇಟೆಂಟ್ ಪಡೆದ ಟ್ರಾನ್ಸಿಸ್ಟರ್ ಏಣಿಯ ಫಿಲ್ಟರ್, ಕಟಾಫ್‌ನ (ಫಿಲ್ಟರಿಗೆ ಗೊತ್ತುಮಾಡಿದ ಗಡಿಯ) ಮೇಲಿನ ಸ್ವರಾಂಶಗಳನ್ನು ಸಪ್ತಕಕ್ಕೆ 24 ಡೆಸಿಬೆಲ್‌ನಂತೆ ತಗ್ಗಿಸುತ್ತದೆ.

ಅದೇ ವರ್ಷ ಒಂದು ಮೂಗ್ ಯಂತ್ರ ಅಹಮದಾಬಾದಿಗೂ ಬಂತು. ಸಂಗೀತಗಾರ್ತಿ ಗೀತಾ ಸಾರಾಭಾಯಿ ಅವರ ಆಸ್ಥೆಯಿಂದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಜೋಡಿಸಿದರು. ಅಲ್ಲಿ ಮುದ್ರಿಸಿದ ಟೇಪುಗಳು ಕಲಾವಿದ ಪಾಲ್ ಪರ್ಗಸ್ ಕಣ್ಣಿಗೆ ಬಿದ್ದು, ಕೇಳುಗರ ಕೈಸೇರಿದ್ದು 2023ರಲ್ಲಿ. ಮುಂಬಯಿಯ ಚರಣಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗ ನುಡಿಸಿದ ಧ್ವನಿಮುದ್ರಿಕೆಯನ್ನೂ 2010ರ ಮರುಬಿಡುಗಡೆಯ ಬಳಿಕವೇ ಜಗತ್ತು ಗಮನಿಸಿತು. ಆ ಯಂತ್ರಗಳಲ್ಲೊಂದಾದ ಟಿಬಿ-303ರ ಎನ್ವಲಪ್‌ಗೆ ಇದ್ದದ್ದು ಡಿಕೇ ಗುಂಡಿಯೊಂದೇ. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಸೌಕರ್ಯವಿತ್ತು. ರಾಗಕ್ಕೆ ಬೇಕಾದದ್ದು ಆ ಜಾರುವಿಕೆಯೇ ಹೊರತು ಇನ್ನೂ ಮೂರು ಗುಂಡಿಗಳಲ್ಲ ಎಂದು ನನ್ನ ಎಣಿಕೆ.

ತಂಬೂರಿಯನ್ನೇ ನೋಡಿ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಸ್ವರಾಂಶ ಹುಟ್ಟಬಾರದೋ, ಅದೂ ಈ ವಾದ್ಯದಲ್ಲಿ ಕೇಳಿಸುತ್ತದೆ ಎಂದು ಸಿ. ವಿ. ರಾಮನ್ 1921ರಲ್ಲೇ ತೋರಿಸಿದ್ದರು. ಕಾರಣ ಅಗಲವಾದ ಕುದುರೆ ಮತ್ತು ಅದರ ಮೇಲಿನ ಜವಾರಿಯ ಎಳೆ. ಮೀಟಿದ ಕೂಡಲೇ ಸದ್ದು ತುಂಬುತ್ತದೆ, ಆದರೆ ಝೇಂಕಾರ ಅರೆಕ್ಷಣ ತಡವಾಗಿ ಅರಳುತ್ತದೆ. ಹಾಗಾಗಿ ಸಿಂಥಸೈಜರಿನಲ್ಲಿ ಅದನ್ನು ಮೂಡಿಸಲು ಎರಡು ಎನ್ವಲಪ್ ಬೇಕು. ಸದ್ದಿನದಕ್ಕೆ ಅಟ್ಯಾಕ್ ಸೊನ್ನೆಯ ಹತ್ತಿರ, ಸಸ್ಟೇನ್ ಸೊನ್ನೆ, ಡಿಕೇ ಐದಾರು ಸೆಕೆಂಡು. ಫಿಲ್ಟರಿನದಕ್ಕೆ ನಿಧಾನದ ಅಟ್ಯಾಕ್, ಜೊತೆಗೆ ಕಟಾಫ್ ಬಳಿಯ ಸ್ವರಾಂಶಗಳನ್ನು ಎತ್ತಿ ಕೇಳಿಸುವ ಕೊಂಚ ರೆಸೊನೆನ್ಸ್. ಎರಡಕ್ಕೂ ಒಂದೇ ಎನ್ವಲಪ್ ಕಟ್ಟಿದವನ ತಂಬೂರಿ ಗಿಟಾರಾಗಿ ಹೋಗುತ್ತದೆ!

1996ರಲ್ಲಿ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಎಂಬ ಪ್ಲಗಿನ್ ಪದ್ಧತಿ ತಂದಿತು, ಅದರ ಬೆನ್ನಿಗೇ ಸಿಂಥಸೈಜರ್ ಸಾಫ್ಟ್‌ವೇರ್ ಆಯಿತು. ಎನ್ವಲಪ್ ಸುಲಭವಾಗಿ ಒಗ್ಗಿತು, ಫಿಲ್ಟರ್ ಕಾಡಿತು. ಮೂಗ್ ಏಣಿಯಲ್ಲಿ ಹೊರಬಂದ ಸದ್ದು ಆಗಿಂದಾಗಲೇ ಒಳಕ್ಕೆ ಮರಳುತ್ತದೆ. ಕಂಪ್ಯೂಟರಿನಲ್ಲಿ ಒಂದು ಸ್ಯಾಂಪಲ್, ಅಂದರೆ ಸೆಕೆಂಡಿನ 44,100ನೇ ಒಂದು ಭಾಗ, ತಡವಾಗುತ್ತದೆ. ಅಷ್ಟಕ್ಕೇ ಕಟಾಫ್ ಮೇಲೇರಿದಂತೆ ರೆಸೊನೆನ್ಸ್‌ನ ಶ್ರುತಿ ಜಾರುತ್ತಿತ್ತು. ಸಂಶೋಧಕರಾದ ಸ್ಟಿಲ್ಸನ್ ಮತ್ತು ಸ್ಮಿತ್ 1996ರಲ್ಲಿ, ಹ್ಯುವೊವಿಲೈನೆನ್ 2004ರಲ್ಲಿ ಈ ಗಂಟನ್ನು ಸಡಿಲಿಸುತ್ತ ಬಂದರು. ಆ ತಡವನ್ನೇ ಗಣಿತದಿಂದ ತೊಡೆದುಹಾಕುವ ದಾರಿಯನ್ನು ಜವಲಿಶಿನ್ ಪುಸ್ತಕ 2012ರಲ್ಲಿ ವಿವರವಾಗಿ ತಿಳಿಸಿತು. ಪುಕ್ಕಟೆ ಸಿಗುವ ಸಿಂಥಸೈಜರುಗಳ ಪೈಕಿ 2018ರಲ್ಲಿ ಸರ್ಜ್ ಮುಕ್ತ ತಂತ್ರಾಂಶವಾಯಿತು, 2020ರಲ್ಲಿ ವೈಟಲ್ ಬಂತು. ಈಗ ನಾಲ್ಕು ಹಂತಗಳ ಕಟ್ಟೂ ಇಲ್ಲ, ಎನ್ವಲಪ್ ಗೆರೆಯನ್ನು ಮನಬಂದಂತೆ ಎಳೆದುಕೊಳ್ಳಬಹುದು.

ಹಲಗಿ ಇದಕ್ಕೆಲ್ಲ ಬೇಗ ಒಲಿಯುತ್ತದೆ: ಗದ್ದಲದ ದನಿ, ಚುರುಕಾದ ಡಿಕೇ, ಅಷ್ಟೇ. ಒಲಿಯದ್ದು ಚೌಡಕಿ. ಅದರ ಒಂಟಿ ತಂತಿ ಚರ್ಮದ ನಡುವಿನಿಂದ ಹೊರಟು ಒಂದು ಕೈಯ ಹಿಡಿತದಲ್ಲಿರುತ್ತದೆ, ಇನ್ನೊಂದು ಕೈ ಮೀಟುತ್ತದೆ. ಹಿಡಿತ ಬಿಗಿಯಾದಂತೆ ಸ್ವರ ಮೇಲಕ್ಕೆ ಜಿಗಿಯುತ್ತದೆ. ಪಿಚ್ಚಿಗೂ ಎನ್ವಲಪ್ ಹಚ್ಚಿದರೆ ಜಿಗಿತವೇನೋ ಬರುತ್ತದೆ, ಆದರೆ ಪ್ರತಿ ಮೀಟಿಗೂ ಅದೇ ಜಿಗಿತ. ರೆಡಿಮೇಡ್ ಇಂಡಿಯನ್ ಟೋನ್‌ಗಳ ದೋಷವೂ ಇದೇ. 2018ರಲ್ಲಿ ಒಪ್ಪಿತವಾದ ಎಂಪಿಇ ಎಂಬ ಮಿಡಿ ಪದ್ಧತಿ, ಪ್ರತಿ ಬೆರಳಿನ ಒತ್ತಡವನ್ನೂ ಸರಿದಾಟವನ್ನೂ ಬೇರೆಬೇರೆಯಾಗಿ ತಿಳಿಸಬಲ್ಲದು, ಆದರೆ ಆ ಕೀಬೋರ್ಡುಗಳು ತುಟ್ಟಿ. ಅವು ಅಗ್ಗವಾಗುವವರೆಗೆ ಎನ್ವಲಪ್ಪನ್ನು ಮೀಟಿಗಷ್ಟೇ ಬಿಟ್ಟು, ಜಿಗಿತವನ್ನು ಎಡಗೈಯ ಪಿಚ್ ವ್ಹೀಲಿಗೆ ಒಪ್ಪಿಸುವುದು ಮೇಲು. ಚೌಡಕಿಯಲ್ಲೂ ಎರಡು ಕೈ ಕೆಲಸ ಹಂಚಿಕೊಳ್ಳುವುದು ಹಾಗೆಯೇ.