ಕೇಪುಳಕ್ಕೆ ಎಷ್ಟು ಹೆಸರು?

ಮಳೆ ಸ್ವಲ್ಪ ಬಿಡುವು ಕೊಡುವ ಸೆಪ್ಟೆಂಬರಿನಲ್ಲಿ ನಾವು ಹತ್ತು ಹದಿನೈದು ಮಂದಿ ಭಾನುವಾರ ಬೆಳಗ್ಗೆ ಪದವಿಗೆ ಹೋಗುವುದುಂಟು. ಅಧ್ಯಾಪಕರು, ಕೃಷಿಕರು, ಶಾಲೆಯ ಮಕ್ಕಳು, ಜತೆಗೆ ವಾರವಿಡೀ ಬ್ಯಾಂಕಿನ ಕೌಂಟರಿನ ಹಿಂದೆ ಕೂರುವ ನಾನು. ಬೇಸಗೆಯಲ್ಲಿ ಕಾದ ಕಾವಲಿಯಂತಿರುವ ಮುರಕಲ್ಲಿನ ಮೇಲೆ ಆಗ ನೀರು ನಿಂತು, ಮಲಯಾಳದವರು ಕಾಕ್ಕಪ್ಪೂವು ಎನ್ನುವ ನೀಲಿ ಹೂ ಹಾಸಿರುತ್ತದೆ. ನಮ್ಮನ್ನು ಕಂಡ ಟಿಟ್ಟಿಭ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಮಳೆಗಾಲ ಮುಗಿದ ಮೇಲೆ ಉತ್ತರದಿಂದ ನವರಂಗ ಬರುತ್ತದೆ.

ಕಳೆದ ಸಲ ಹಾದಿ ಬದಿಯ ಕೆಂಪು ಹೂಗೊಂಚಲು ಕಂಡು ತಂಗಿಯ ಮಗಳು, "ಮಾವ, ಚೆತ್ತಿ!" ಎಂದಳು. "ಕೇಪುಳ ಅಲ್ಲವೇನೇ?" ಎಂದೆ. "ಅದು ಅಜ್ಜಿ ಹೇಳುವ ಹೆಸರು" ಎಂದು ನಕ್ಕಳು. ಆ ಮಾತು ನನ್ನ ಮನಸ್ಸಿನಲ್ಲೇ ಉಳಿಯಿತು.

ಚೆತ್ತಿ ಎಂಬ ಹೆಸರಿಗೆ ದೊಡ್ಡ ಚರಿತ್ರೆಯಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ 'ಹೋರ್ತುಸ್ ಮಲಬಾರಿಕುಸ್' 1678ರಿಂದ 1693ರ ತನಕ 12 ಸಂಪುಟಗಳಾಗಿ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡಗಳನ್ನು ಗುರುತಿಸಿ ಹೇಳಿದವರು ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿಗರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಚೆತ್ತಿ ಅದೇ ಹೆಸರಿನಿಂದ ಆ ಗ್ರಂಥ ಸೇರಿತು. 1753ರಲ್ಲಿ ಲಿನೇಯಸ್ ಅದಕ್ಕೆ ಇಕ್ಸೋರಾ ಎಂದು ಹೆಸರಿಟ್ಟ. ಹೋರ್ತುಸಿನ ಚಿತ್ರಗಳ ಮೇಲೆ ರೋಮನ್, ಮಲಯಾಳ, ಅರಬಿ, ನಾಗರಿ ಅಕ್ಷರಗಳಿವೆ, ಕನ್ನಡವಿಲ್ಲ. ಯಾರನ್ನೂ ದೂರುವಂತಿಲ್ಲ. ಕೇಳಿದ್ದು ಕೊಚ್ಚಿಯಲ್ಲಿ, ಹೇಳಿದ್ದು ಅಲ್ಲಿನವರು.

ಹಕ್ಕಿಗಳ ವಿಷಯವೂ ಹಾಗೆಯೇ. ಸಲೀಂ ಅಲಿಯವರು 1933ರಲ್ಲಿ ಪಕ್ಷಿ ಸಮೀಕ್ಷೆ ನಡೆಸಿದ್ದು ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಲ್ಲಿ. ನಮ್ಮ ಕಾಸರಗೋಡು ಆಗ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರಲ್ಲಿ ಕೇರಳಕ್ಕೆ ಸೇರಿದೆವು. 1958ರಲ್ಲಿ ಇಂದುಚೂಡನ್ ಅವರ 'ಕೇರಳತ್ತಿಲೆ ಪಕ್ಷಿಗಳ್' ಬಂದಿತು. ಎಷ್ಟೋ ಮಲಯಾಳಿಗಳಿಗೆ ಹಕ್ಕಿಯ ಹೆಸರು ಕಲಿಸಿದ ಪುಸ್ತಕವದು. ನಮ್ಮ ಕೆಂಬೂತ ಅವರ ಚೆಂಬೋತ್ತ್. ಒಂದೇ ಮನೆಯ ಮಾತು.

ಬರೆಯದೆ ಉಳಿದದ್ದು ಇನ್ನೂ ಇದೆ. ಪೆರಿಯದ ಕಡೆ ಮುರಕಲ್ಲಿನ ತೋಡಿನಲ್ಲಿ ಅರಳುವ ಬಿಳಿ ಹೂವನ್ನು ಊರವರು ಮೊದಲಿಂದಲೂ ಕಂಡಿದ್ದರು. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 2012ರಲ್ಲಿ. 2023ರಲ್ಲಿ ಅದೇ 'ಪೆರಿಯ ಪೊಲತ್ತಾಳಿ' ನಮ್ಮ ಜಿಲ್ಲೆಯ ಹೂವೆಂದು ಘೋಷಿತವಾಯಿತು. ಬಿಳಿ ಹೊಟ್ಟೆಯ ಕಡಲಹದ್ದು ಜಿಲ್ಲೆಯ ಹಕ್ಕಿ, ಕಾಸರಕ ಜಿಲ್ಲೆಯ ಮರ.

ಪದವಿನಲ್ಲಿ ಕಲ್ಲಿನ ಕೋರೆ ಎದ್ದರೆ ಹೂ ಹೋಗುತ್ತದೆ. ಹೆಸರು ಹೋಗಲು ಕೋರೆಯೂ ಬೇಡ, ಮನೆಯಲ್ಲಿ ಹೇಳದಿದ್ದರೆ ಸಾಕು. ಅದಕ್ಕೇ ನಮ್ಮ ನಡಿಗೆಗೆ ಒಂದು ನೋಟುಪುಸ್ತಕ ಮಾಡಿದ್ದೇವೆ. ಪ್ರತಿ ಹೂವಿಗೆ, ಹಕ್ಕಿಗೆ ಮೂರು ಕಲಂ: ಕನ್ನಡ, ತುಳು, ಮಲಯಾಳ. ಮೊದಲ ಸಾಲಿನಲ್ಲಿ ಸೊಸೆಯ ಕೈಬರಹದಲ್ಲೇ ಕೇಪುಳವಿದೆ, ಪಕ್ಕದಲ್ಲಿ ಚೆತ್ತಿಯೂ ಇದೆ. ಎರಡರಲ್ಲಿ ಒಂದನ್ನು ಬಿಡು ಎಂದು ನಾನು ಹೇಳಲಿಲ್ಲ. ನೀವೂ ಬನ್ನಿ, ನಡೆಯಲು ಆಗುವುದಾದರೆ ಅಜ್ಜಿಯನ್ನೂ ಕರೆತನ್ನಿ.